ಬಾಡಿ ರೆಡಿ ಐತೆ

ಇಂಗ್ಲಿಷ್ ಕಲಿಸಿ ಹೊಟ್ಟೆ ಹೊರೆದುಕೊಂಡವಳು ನಾನು. ಅರಕಲಗೂಡಿನ ಹೈಸ್ಕೂಲಿನಲ್ಲಿ ಮಕ್ಕಳ ಜೊತೆ ನನ್ನದೊಂದು ಆಟವಿದೆ. ಒಂದು ಪದ ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುತ್ತೇನೆ. ಅವರೇ ಊರೆಲ್ಲ ಸುತ್ತಿ ಬಂದವರ ಹಾಗೆ ಅರ್ಥ ತಂದು ಸುರಿಯುತ್ತಾರೆ. ಲೈನ್ ಎಂದರೆ ಕರೆಂಟಿನ ತಂತಿ, ಸಾಲಾಗಿರೋ ಬಾಡಿಗೆ ಮನೆ, ಹುಡುಗಿಯ ಹಿಂದೆ ಬೀಳೋದು. ಡಿಕ್ಷನರಿಯವನಿಗೆ ಗೊತ್ತಿಲ್ಲದ್ದೂ ಬರುತ್ತದೆ, ನಾನು ಬೇಡ ಅನ್ನುವುದಿಲ್ಲ. ಒಂದೇ ಒಂದು ಪದ ಮಾತ್ರ ಪಾಠದಲ್ಲಿ ಬಂದರೆ ಕಾಣದವಳಂತೆ ದಾಟಿಕೊಂಡು ಹೋಗುತ್ತೇನೆ. ಆ ಪದ ಬಾಡಿ.

ಈಚೆಗೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಿಡಲಿಲ್ಲ. "ಮಿಸ್, ಅದಕ್ಕೆ ಆಟ ಆಡಿಸ್ನೇ ಇಲ್ಲ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಕ್ಲಾಸು ಶುರುಮಾಡಿಕೊಂಡಿತು. ಮೈ ಮಿಸ್. ಲಾರಿ ಬಾಡಿ ಮಿಸ್. ಜಿಮ್ಮಿಗೆ ಹೋಗಿ ಮಾಡ್ತಾರಲ್ಲ ಅದು ಮಿಸ್. ಪಂಚಾಯ್ತಿ ಬಾಡಿ ಮಿಸ್. ಹುಡುಗಿಯರ ಸಾಲಿನಲ್ಲಿ ಕಿಸಿಕಿಸಿ ನಗು. ಅವರ ಅಜ್ಜಿಯರು ರವಿಕೆಯೊಳಗೆ ತೊಡುತ್ತಿದ್ದದ್ದಕ್ಕೂ ಬಾಡಿ ಎಂದೇ ಹೆಸರು. ಕೊನೆಗೆ ಯಾರೋ "ಹೆಣ ಮಿಸ್" ಎಂದರು. ನಗು ನಿಂತಿತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಹರಿಯಲಿಲ್ಲ. ಬೆನ್ನ ಹಿಂದೆ, ಮಕ್ಕಳದಲ್ಲದ ಒಂದು ನಗು ಕೇಳಿದ ಹಾಗಾಯಿತು. ಬೆಲ್ಲು ಹೊಡೆಯದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ನಮ್ಮದು ವಿಭೂತಿ ಹಚ್ಚುವ ಮನೆತನ. ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಶಿವಾಧೀನರಾಗುತ್ತಾರೆ, ಲಿಂಗೈಕ್ಯರಾಗುತ್ತಾರೆ. ಹೋದವರನ್ನು ಮಲಗಿಸಿ ಕಳಿಸುವ ಪದ್ಧತಿಯೂ ಇಲ್ಲ. ಹಣೆ ತುಂಬ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿ, ಕೂತ ಹಾಗೆಯೇ ತೋಟದ ಮಣ್ಣಿಗೆ ಇಳಿಸುತ್ತೇವೆ. ಹೆಣ ಎಂದರೆ ಬೈಗುಳ. ಶವ ಎಂದರೆ ಪೇಪರಿನವರ ಮಾತು. ಪಾರ್ಥಿವ ಶರೀರ ಆಗಬೇಕಾದರೆ ಕನಿಷ್ಠ ಮಂತ್ರಿಯಾಗಿರಬೇಕು. ಹಾಗಾಗಿ ಆಸ್ಪತ್ರೆಯಿಂದ ಬಂದ ಬಾಡಿ ಎಂಬ ಮಾತನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟರು. ಹೇಳಿದರೆ ಯಾರಿಗೂ ನೋವಾಗುವುದಿಲ್ಲವಂತೆ. ಆಗುತ್ತದೆ.

ಕೆಲವು ವರ್ಷದ ಹಿಂದೆ ನಮ್ಮತ್ತೆಗೆ ಉಸಿರಾಟದ ತೊಂದರೆಯಾಗಿ ಹಾಸನದ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಐಸಿಯುನಲ್ಲಿ ಇಟ್ಟಿದ್ದರು. "ಯಾವುದಕ್ಕೂ ರೆಡಿಯಾಗಿರಿ" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೊರಗಿನ ಬೆಂಚಿನ ಮೇಲೆ ನನ್ನ ನಾದಿನಿ ಕಾದು ಕೂತಿದ್ದಳು. ನಮ್ಮನೆಯವರು, ಎಂದರೆ ಅತ್ತೆಯ ಒಬ್ಬನೇ ಮಗ, ಬಟ್ಟೆ ಬದಲಾಯಿಸಿಕೊಂಡು ಹೋಗಲು ಊರಿಗೆ ಬಂದಿದ್ದರು. ಭಾನುವಾರ, ಬೆಳಗಿನ ಎರಡನೇ ಕಾಫಿಯ ಹೊತ್ತು. ಫೋನು ಬಂತು. ಅವರು ಫೋನನ್ನು ಕಿವಿಗೆ ಇಟ್ಟುಕೊಳ್ಳುವವರಲ್ಲ, ಬೀದಿಗೆಲ್ಲ ಕೇಳಲಿ ಎಂದು ಸ್ಪೀಕರಿಗೆ ಹಾಕುವವರು. ನಾನೂ ಕೇಳಿದೆ.

"ಸಾ, ಬಾಡಿ ರೆಡಿ ಐತೆ. ಯಾವಾಗ ಬತ್ತೀರಾ?"

ನಮ್ಮನೆಯವರ ಕೈಯಲ್ಲಿದ್ದ ಲೋಟ ಅಲ್ಲಾಡಲಿಲ್ಲ. "ಯಾವಾಗ ಆಯ್ತು?" ಎಂದರು.

"ಬೆಳಿಗ್ಗೇನೇ ಆಯ್ತು ಸಾ. ಇಲ್ಲಿ ಜಾಗ ಇಲ್ಲ, ಇನ್ನೂ ಬೇರೆಯೋವು ಬಂದವೆ. ಇವತ್ತೇ ತಗೊಂಡೋದ್ರೆ ಒಳ್ಳೇದು."

"ಬತ್ತೀನಿ."

"ಬರೋವಾಗ ಒಂದು ಟಾರ್ಪಾಲ್ ತನ್ನಿ ಸಾ. ಮೋಡ ಆಗದೆ. ನೆಂದ್ರೆ ಊದ್ಕತದೆ."

ಆ ಕೊನೆಯ ಮಾತಿಗೆ ನಾನು ಲೋಟ ಕುಕ್ಕಿ ಎದ್ದೆ. ಆಸ್ಪತ್ರೆಯವರಿಗೆ ಇಷ್ಟೂ ಮಾನ ಮರ್ಯಾದೆ ಬೇಡವೇ ಎಂದು ಕೂಗಾಡಿದೆ. ನಾದಿನಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಆಸ್ಪತ್ರೆಯ ನಂಬರು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ನಮ್ಮನೆಯವರು ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರು. "ಗೆದ್ಲು ಬುಡು ಅವ್ವ, ನರಳ್ನಿಲ್ಲ" ಎಂದರು. ಆಮೇಲೆ ಪಂಚೆ ಕೊಡವಿಕೊಂಡು ಎದ್ದರು. ಅತ್ತೆಯ ತವರು ಹೊಳೆನರಸೀಪುರ, ಅಲ್ಲಿಗೊಂದು ಫೋನು. ಅತ್ತೆಯ ತಂಗಿ ಇರುವ ಹಿರೀಸಾವೆಗೊಂದು ಫೋನು. ಗುಂಡಿ ತೋಡುವವರಿಗೆ, ಶಾಮಿಯಾನದವರಿಗೆ, ಕ್ರಿಯೆ ಮಾಡಿಸುವ ಅಯ್ನೋರಿಗೆ. ಅಷ್ಟು ಮುಗಿಸಿ ಹಾಸನಕ್ಕೆ ಹೊರಟರು. ನಾನು ಒಲೆಯ ಮೇಲಿನ ಹಾಲು ಇಳಿಸಿ, ನಡುಮನೆಯ ಸಾಮಾನು ತೆಗೆದು, ಗೋಡೆ ಪಕ್ಕ ಅವರನ್ನು ಕೂರಿಸುವ ಜಾಗ ಒರೆಸಿದೆ. ಸ್ಕೂಲಿಗೆ ಎಷ್ಟು ದಿನ ರಜೆ ಹಾಕಬೇಕಾಗುತ್ತದೆ ಎಂಬ ಲೆಕ್ಕವೂ ತಲೆಯಲ್ಲಿ ಓಡುತ್ತಿತ್ತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ ಎನ್ನುವುದು ನಿಜ. ಪುರುಸೊತ್ತಿದ್ದರೆ ಅಳುತ್ತಿದ್ದೆನೇ ಎಂದರೆ, ಗೊತ್ತಿಲ್ಲ. ನಮ್ಮಿಬ್ಬರದು ಅಂಥ ಹಾಲು ಜೇನಿನ ಸಂಬಂಧವಲ್ಲ. ಸಾರಿನ ಉಪ್ಪಿನಿಂದ ಹಿಡಿದು ನನ್ನ ಸಂಬಳದವರೆಗೆ ಎಲ್ಲದಕ್ಕೂ ಅವರದೊಂದು ಮಾತು ಇದ್ದೇ ಇರುತ್ತಿತ್ತು, ನನ್ನದೊಂದು ಮರುಮಾತು.

ಮಧ್ಯಾಹ್ನದ ಹೊತ್ತಿಗೆ ಮನೆಯ ಮುಂದೆ ಕುರ್ಚಿ ಬಿದ್ದಿದ್ದವು. ನೆಂಟರ ಪೈಕಿ ಯಾರೋ ಆತುರಗಾರರು ಅತ್ತೆಯ ಫೋಟೋಗೆ ಹೂವಿನ ಚೌಕಟ್ಟು ಹಾಕಿ ವಾಟ್ಸಾಪ್ ಸ್ಟೇಟಸ್ಸಿಗೂ ಏರಿಸಿಯಾಗಿತ್ತು. ಹಿರೀಸಾವೆಯ ಚಿಕ್ಕತ್ತೆ ಬಸ್ಸಿಳಿದವರೇ ಬೀದಿಯ ತುದಿಯಿಂದಲೇ ರಾಗ ಎತ್ತಿಕೊಂಡು ಬಂದರು. ತೋಟದಲ್ಲಿ ಮಾವನವರ ಗದ್ದುಗೆಯ ಪಕ್ಕದಲ್ಲಿ ಗುಂಡಿ ಆಗಿತ್ತು. ಆಗ ನಮ್ಮನೆಯವರ ಫೋನು ಬಂತು, ಹಾಸನದಿಂದ. ಈ ಸಲ ನಾನೇ ಸ್ಪೀಕರಿಗೆ ಹಾಕಿದ್ದೆ, ಎಲ್ಲರೂ ಕೇಳಲಿ ಎಂದು.

"ಅವ್ವ ಇಡ್ಲಿ ತಿಂತಾವ್ಳೆ."

ಯಾರಿಗೂ ಅರ್ಥವಾಗಲಿಲ್ಲ. ಅವರೇ ಇನ್ನೊಮ್ಮೆ ಹೇಳಿದರು, ಗದರಿದ ಹಾಗೆ. ಅತ್ತೆಯನ್ನು ಬೆಳಿಗ್ಗೆ ಐಸಿಯುನಿಂದ ವಾರ್ಡಿಗೆ ತಂದಿದ್ದರಂತೆ. ನಾದಿನಿಯ ಫೋನಿನಲ್ಲಿ ಚಾರ್ಜು ಮುಗಿದಿತ್ತಂತೆ. ಇವರು ಕೌಂಟರಿನಲ್ಲಿ ನಿಂತು ಬಾಡಿ ಕೊಡಿ ಎಂದರೆ ಅಲ್ಲಿದ್ದ ಹುಡುಗಿ ಇವರನ್ನು ಮೇಲೆ ಕೆಳಗೆ ನೋಡಿ, ಪೇಷೆಂಟು ಎರಡನೇ ಮಹಡಿಯಲ್ಲಿದ್ದಾರೆ ಎಂದಳಂತೆ. ಕುರ್ಚಿಯಲ್ಲಿದ್ದ ಗಂಡಸರಲ್ಲಿ ಒಬ್ಬರು ನಕ್ಕರು. ಒಳಗೆ ಚಿಕ್ಕತ್ತೆ ಮಾತ್ರ ಇನ್ನೂ ಅಳುತ್ತಲೇ ಇದ್ದರು, ಅವರಿಗೆ ಕೇಳಿಸಿರಲಿಲ್ಲ. ಹೋಗಿ ಭುಜ ಹಿಡಿದು ಅಲ್ಲಾಡಿಸಿ ಹೇಳಬೇಕಾಯಿತು.

ಮತ್ತೆ ಬೆಳಿಗ್ಗೆ ಫೋನು ಮಾಡಿದ್ದು ಯಾರು? ಸಂಜೆ ನಮ್ಮನೆಯವರು ವಾಪಸು ಬರುವ ದಾರಿಯಲ್ಲಿ ಅದೇ ನಂಬರಿನಿಂದ ಮತ್ತೆ ಫೋನು. "ಬಾಡಿ ತಗೊಂಡೋಗ್ನೇ ಇಲ್ವಲ್ಲ ಸಾ?" ಚನ್ನರಾಯಪಟ್ಟಣದಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡಿನವನು. ನಮ್ಮದು ಗೊಬ್ಬರ, ಬಿತ್ತನೆ ಬೀಜದ ವ್ಯಾಪಾರ. ರಾಮನಾಥಪುರದ ಕಡೆಯ ಹೊಗೆಸೊಪ್ಪಿನವರಿಗೆ ಗೊಬ್ಬರ ಸಾಗಿಸಲು ಸಣ್ಣ ಲಾರಿಯೊಂದನ್ನು ಬರೀ ಚಾಸಿಯಾಗಿ ಕೊಂಡು, ಮರದ ಬಾಡಿ ಕಟ್ಟಲು ಆ ಶೆಡ್ಡಿನಲ್ಲಿ ಬಿಟ್ಟಿದ್ದರು. ಯುಗಾದಿಗೆ ಕೊಡುತ್ತೇವೆ ಎಂದಿದ್ದವರು ಮೊದಲೇ ಮುಗಿಸಿಬಿಟ್ಟಿದ್ದರು. ಆಸ್ಪತ್ರೆಯ ಓಡಾಟದಲ್ಲಿ ಇವರಿಗೆ ಲಾರಿಯ ನೆನಪೇ ಹೋಗಿತ್ತು. ನೆನೆದರೆ ಊದಿಕೊಳ್ಳುವುದು ಹಲಗೆ. ಅದನ್ನು ನನಗೆ ಹೇಳುವಾಗ ಇವರ ಧ್ವನಿ ತೀರಾ ಸಣ್ಣದಾಗಿತ್ತು. ನಗಬಹುದಾದ ಸಂಗತಿ. ಇಬ್ಬರೂ ನಗಲಿಲ್ಲ.

ತೋಡಿದ ಗುಂಡಿಯನ್ನು ಖಾಲಿ ಮುಚ್ಚಬಾರದು ಎಂದರು ಅಯ್ನೋರು. ಬಾಯಿ ತೆರೆದ ಮಣ್ಣಿಗೆ ಏನಾದರೂ ಕೊಡಲೇಬೇಕು, ಇಲ್ಲದಿದ್ದರೆ ಅದು ಆ ಮನೆಯನ್ನೇ ಕೇಳುತ್ತದಂತೆ. ಬೇರೆಯವರಾದರೆ ಕೋಳಿ ಹಾಕುತ್ತಾರೆ, ನಮ್ಮದು ಬಾಡು, ಮಾಂಸ ಮುಟ್ಟದ ಮನೆ, ಅದು ಆಗುವುದಿಲ್ಲ. ಒಂದು ಬಾಳೆಗಿಡವನ್ನು ಬುಡಸಮೇತ ಕಿತ್ತು ತಂದು, ಅದಕ್ಕೆ ವಿಭೂತಿ ಹಚ್ಚಿ, ಕೂರಿಸಿದ ಹಾಗೆ ಇಳಿಸಿ ಮಣ್ಣು ಎಳೆದರು. ಅತ್ತೆಗೆ ಈ ವಿಷಯ ಯಾರೂ ಹೇಳಕೂಡದು ಎಂದು ನಮ್ಮನೆಯವರು ಬಂದವರಿಗೆಲ್ಲ ಕೈ ಮುಗಿದರು.

ಅತ್ತೆ ಮನೆಗೆ ಬಂದರು. ಸ್ವಲ್ಪ ಇಳಿದುಹೋಗಿದ್ದರು, ಬಾಯಿ ಮಾತ್ರ ಹಾಗೆಯೇ ಇತ್ತು. ಒಂದು ಸೋಮವಾರ ನನ್ನ ಕೈ ಹಿಡಿದುಕೊಂಡು, ಮಾವನವರ ಗದ್ದುಗೆಗೆ ಹೂವಿಡಬೇಕು ಎಂದು ತೋಟಕ್ಕೆ ಹೊರಟರು. ಬೇಡ ಎನ್ನಲು ನನಗೆ ಒಂದು ನೆವವೂ ಸಿಗಲಿಲ್ಲ. ಹೂವಿಟ್ಟು ತಿರುಗಿದವರು ಪಕ್ಕದ ಹಸಿ ದಿಬ್ಬ ನೋಡಿದರು. ಆ ಜಾಗ ಅವರದೆಂದು ಅವರೇ ಎಂದೋ ಗುರುತು ಮಾಡಿಟ್ಟಿದ್ದರು.

"ಇದ್ರಾಗೆ ಯಾರವ್ರೆ?"

ಸುಳ್ಳು ಹೇಳಬಹುದಿತ್ತು. ಆದರೆ ಅವರ ಮುಖ ನೋಡಿದರೆ ಆಗಲೇ ಗೊತ್ತಾಗಿದ್ದ ಹಾಗಿತ್ತು. ಫೋನು ಬಂದದ್ದರಿಂದ ಬಾಳೆಗಿಡದವರೆಗೆ ಎಲ್ಲ ಹೇಳಿದೆ. ಅತ್ತೆ ಮೊದಲು ನಕ್ಕರು, ಕೆಮ್ಮು ಬರುವವರೆಗೆ. "ಬಾಡೇ ಬೇಯಿಸದ ಮನೇಲಿ ಬಾಡಿ ಎಲ್ಲಿಂದ ಬಂತವ್ವ!" ಎಂದರು. ಮನೆಗೆ ಬರುವವರೆಗೂ ಆ ಮಾತನ್ನೇ ಹೇಳಿಕೊಂಡು ನಕ್ಕರು. ಹೊಸಿಲು ದಾಟುವಾಗ ನಿಂತರು. ನಡುಮನೆಯ ಗೋಡೆ ಪಕ್ಕ ತೋರಿಸಿ, "ಅಲ್ಲಿ ಕೂರಿಸ್ಬೇಕು ಅಂತಿದ್ರಾ?" ಎಂದು ಕೇಳಿದರು. ಹೂಂ ಎಂದೆ.

ಅಂದಿನಿಂದ ಮನೆಯ ಗಾಳಿ ಬೇರೆಯಾಯಿತು. ಅತ್ತೆ ಆ ಗೋಡೆ ಪಕ್ಕದಲ್ಲೇ ಹೋಗಿ ಕೂರತೊಡಗಿದರು. ಹೊತ್ತು ಮುಳುಗಿದರೂ ದೀಪ ಹಾಕುತ್ತಿರಲಿಲ್ಲ, ಹಾಕಲು ಬಿಡುತ್ತಲೂ ಇರಲಿಲ್ಲ. ಸ್ಕೂಲಿನಿಂದ ಬಂದು ಬಾಗಿಲು ತಳ್ಳಿದರೆ ಮಬ್ಬಿನಲ್ಲಿ, ಗೋಡೆಗೊರಗಿ, ಹಣೆಯ ವಿಭೂತಿ ಮಾತ್ರ ಕಾಣುವ ಹಾಗೆ ಕೂತಿರುತ್ತಿದ್ದರು. "ಬಾಡಿಗೆ ಒಂದು ಲೋಟ ಕಾಫಿ ಕೊಡವ್ವ" ಎನ್ನುವರು. ಆಮೇಲೆ ಅದನ್ನೇ ತಿರುಚಿ, "ಸ್ವಂತದ್ದು ಮುಗೀತು ಕಣವ್ವ, ಇನ್ನು ಇರೋದೆಲ್ಲಾ ಬಾಡಿಗೆ" ಎನ್ನುವರು. ನನಗೆ ಸಿಟ್ಟೂ ಬರುತ್ತಿತ್ತು, ಭಯವೂ ಆಗುತ್ತಿತ್ತು. ಹೊರಗಿನವರದು ಇನ್ನೊಂದು ಕಥೆ. ಹೊಳೆನರಸೀಪುರದ ಒಂದು ಮದುವೆಯಲ್ಲಿ, ಸ್ಟೇಟಸ್ ನೋಡಿ ಅಂದೇ ತಲೆಗೆ ನೀರು ಹಾಕಿಕೊಂಡಿದ್ದ ದೂರದ ಸಂಬಂಧಿಯೊಬ್ಬರು ಅತ್ತೆಯನ್ನು ಕಂಡು ಎಲೆ ಮುಂದಿನಿಂದ ಎದ್ದೇಬಿಟ್ಟರು. ಅತ್ತೆ ಅವರಿಗೆ ಕೈ ಮುಗಿದು, "ಕೂತ್ಕಳಿ, ನಾನೂ ಉಣ್ಣಕ್ಕೇ ಬಂದಿರೋದು" ಎಂದರು.

ಮೊದಲ ಮಳೆ ಬಿದ್ದ ಮೇಲೆ ಆ ದಿಬ್ಬದಿಂದ ಬಾಳೆಯ ಸುಳಿ ಎದ್ದಿತು. ಬುಡಸಮೇತ ಹೂತಿದ್ದರಲ್ಲ, ಚಿಗುರದೆ ಇನ್ನೇನು? ನಮ್ಮನೆಯವರು ಮಚ್ಚು ಹಿಡಿದು ಹೋದವರು ಕಡಿಯಲಾರದೆ ವಾಪಸು ಬಂದರು. ಅತ್ತೆ ದಿನಾ ಹೋಗಿ ನೋಡಿ ಬರುತ್ತಿದ್ದರು. ಬಿಸಿಲು ಏರಿದ ದಿನ, "ಇಷ್ಟು ಬಿಸ್ಲಿಗೂ ಬಾಡಿಲ್ಲ ನೋಡವ್ವ" ಎಂದು ನನ್ನನ್ನು ಕರೆದು ತೋರಿಸಿದರು. ಕನ್ನಡದ ಬಾಡಿಗೂ ಆ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು ಪಾಠ ಹೇಳುವ ಧೈರ್ಯ ನನಗಾಗಲಿಲ್ಲ.

ಆದರೆ ಅವರನ್ನು ಕಾಡುತ್ತಿದ್ದದ್ದು ಗುಂಡಿಯೂ ಅಲ್ಲ, ಬಾಳೆಯೂ ಅಲ್ಲ. ಆವತ್ತು ಯಾರು ಯಾರು ಬಂದಿದ್ದರು, ಯಾರು ಅತ್ತರು ಎಂಬುದು. ಒಬ್ಬೊಬ್ಬರದಾಗಿ ಕೇಳುತ್ತಿದ್ದರು. ತಂಗಿ ಅತ್ತಳಂತೆ, ಸರಿ. ತಮ್ಮನ ಹೆಂಡತಿ? ಸೆರಗು ಬಾಯಿಗಿಟ್ಟುಕೊಂಡಿದ್ದರು ಎಂದೆ. "ಅವ್ಳದ್ದು ಅಷ್ಟೇಯ, ಸೆರಗಿಗೇ ಖರ್ಚು." ಎದುರುಮನೆಯವರು? ಹಾಲಿನವಳು? ಹೀಗೆ ಬೀದಿಯೆಲ್ಲ ಸುತ್ತಿ ಬರುತ್ತಿದ್ದರು, ಮಗನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಎಲ್ಲರನ್ನೂ ಕೇಳುತ್ತಿದ್ದದ್ದು ಅವನೊಬ್ಬನನ್ನು ಕೇಳದೆ ಇರುವುದಕ್ಕೆ ಎಂದು ನನಗೆ ಗೊತ್ತಿತ್ತು. ಇವರಿಗೂ ಗೊತ್ತಿತ್ತು. ಅದಕ್ಕೇ ಅವ್ವನ ಮುಂದೆ ನಿಲ್ಲುತ್ತಿರಲಿಲ್ಲ. ಊಟಕ್ಕೂ ಅವರು ಮಲಗಿದ ಮೇಲೆ ಬರತೊಡಗಿದರು.

ಬಣ್ಣ ಬಳಿಸಿ, ರಿಜಿಸ್ಟ್ರೇಶನ್ ಮುಗಿಸಿ ಲಾರಿ ಮನೆಗೆ ಬಂದ ದಿನವೂ ಹಾಗೆಯೇ ಆಯಿತು. ನೀಲಿ ಬಣ್ಣ, ಬದಿಗೆ ಹೂಬಳ್ಳಿ, ಹಿಂದಿನ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ತಾಯಿಯ ಆಶೀರ್ವಾದ'. ಇವರೇ ಮೊದಲೇ ಬರೆಯಲು ಹೇಳಿದ್ದದ್ದು. ಅತ್ತೆ ಕೋಲೂರಿಕೊಂಡು ಹೊರಗೆ ಬಂದು, ಹಲಗೆಯ ಮೇಲೆ ಕೈಯಾಡಿಸಿ, "ಇದೇ ಏನ್ಲಾ ನಾನು?" ಎಂದು ಮಗನನ್ನು ಕೇಳಿದರು. ಆ ಮಾತಿನಲ್ಲಿ ತಮಾಷೆಯಿತ್ತು, ಅದಕ್ಕೆ ತಮಾಷೆಯಿಂದಲೇ ಉತ್ತರ ಕೊಟ್ಟಿದ್ದರೂ ಸಾಕಿತ್ತು. ಇವರು ಬಾಗಿಲ ಬೀಗ ನೋಡುವವರ ಹಾಗೆ ಲಾರಿಯ ಆ ಬದಿಗೆ ಹೋಗಿಬಿಟ್ಟರು. ನಾನು ಆ ದಿನ ಇವರ ಜೊತೆ ಜಗಳವಾಡಿದೆ. "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದೆ. "ಏನಂತ ಯೇಳನೇ? ನೀನು ಸತ್ತೆ ಅಂತ ಕೇಳಿ ನಾನು ಶಾಮಿಯಾನ ತರಿಸ್ದೆ ಅಂತ್ಲಾ?" ಎಂದರು.

ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ಅತ್ತೆ, ನಾನು ಹಿತ್ತಲಲ್ಲಿ ಮೊರದ ಎರಡೂ ಕಡೆ ಕೂತು, ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಸಿಪ್ಪೆಯಿಂದ ಬೇಳೆ ಪುಚಕ್ಕನೆ ಹಾರಿ ಬೀಳುವ ಸದ್ದು ಅಷ್ಟೇ. ಅವರು ತಲೆ ಎತ್ತದೆ ಕೇಳಿದರು.

"ಆವತ್ತು ಅವ್ನು ಅತ್ನೇನವ್ವ?"

ಈ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆ ಎಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅತ್ತೆ, ಅವರು ಎಷ್ಟು ಅತ್ತರು ಅಂದ್ರೆ ಹಿಡಿಯೋಕೇ ಆಗಲಿಲ್ಲ. ಇಷ್ಟೇ. ಒಳ್ಳೆಯ ಸುಳ್ಳು, ಯಾರಿಗೂ ನಷ್ಟವಿಲ್ಲದ್ದು. ಬಾಯಿ ತೆರೆದೆ. "ಅತ್ತೆ" ಎಂದೆ. ಅವರ ಬೆರಳುಗಳು ಕಾಳಿನ ಮೇಲೆ ಹಾಗೆಯೇ ನಿಂತಿದ್ದವು. ಅದನ್ನು ನೋಡಿ ಮುಂದಿನದನ್ನು ಹೇಳದೆ ಬಿಟ್ಟೆ.

ಅವರು ತಲೆ ಎತ್ತಿದರು. "ನೀನಾ? ನೀನು ಅತ್ತಾ?"

ನಾನು ಕರೆದದ್ದು ಅವರನ್ನು. ಅವರಿಗೆ ಕೇಳಿಸಿದ್ದು ನಾನು ಅತ್ತೆ ಎಂದು. ಅಲ್ಲ ಎನ್ನಲು ಒಂದು ಗಳಿಗೆ ಇತ್ತು. ಆ ಗಳಿಗೆಯಲ್ಲಿ ಅವರ ಮುಖ ಬಿಡಿಸಿಕೊಂಡ ಬಗೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅವ್ನು ಅಳ್ನಿಲ್ಲ ಅಂತ ನಂಗೊತ್ತು ಕಣವ್ವ. ಚಿಕ್ಕೋನಿದ್ದಾಗ್ಲೂ ಬಿದ್ರೆ ಮಣ್ಣು ಒರೆಸ್ಕಂಡು ಎದ್ದೋಗೋನು. ನೀನು ಅತ್ತಲ್ಲ, ಸಾಕು" ಎಂದರು. ಒದ್ದೆ ಕೈಯಲ್ಲೇ ನನ್ನ ಮೊಣಕಾಲು ಮುಟ್ಟಿದರು. ಆಮೇಲೆ ಬೇಳೆ ಹಿದುಕಿದರು.

ಅಂದು ಸಂಜೆ ಅವರೇ ಎದ್ದು ನಡುಮನೆಯ ದೀಪ ಹಾಕಿದರು. ಗೋಡೆ ಪಕ್ಕ ಕೂರುವುದನ್ನು ಬಿಟ್ಟರು. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಂಡರು. ಸ್ಕೂಲಿನಿಂದ ನಾನು ಬರುವುದು ತಡವಾದರೆ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಬಂದು ಹೋದವರಿಗೆಲ್ಲ, "ನಾನು ಬದುಕಿರಬೇಕಾದ್ರೇನೇ ನಂಗೆ ಅತ್ತೋಳು ಕಣ್ರವ್ವ ನನ್ನ ಸೊಸೆ" ಎಂದು ಹೇಳುತ್ತಿದ್ದರು. ಹಿರೀಸಾವೆಯ ತಂಗಿಗೆ ಫೋನಿನಲ್ಲಿ ಹೇಳಿದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ಮಗನ ಮೇಲಿನ ಮುನಿಸೂ ಹೋಯಿತು. ಒಂದು ದಿನ ಅವರೇ ಇವರನ್ನು ಕೂಗಿ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿಸಿದರು. ಮನೆ ಮತ್ತೆ ಮನೆಯಾಯಿತು. ಭಯ ಮಾತ್ರ ನನಗೆ ದಾಟಿಕೊಂಡಿತು. ಅವರು ಪ್ರೀತಿಯಿಂದ ಮಾತಾಡಿಸಿದಾಗಲೆಲ್ಲ, ನನ್ನ ಹಿಂದೆ ನಿಂತಿರುವ ಬೇರೆ ಯಾರನ್ನೋ ಮಾತಾಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಆವತ್ತು ಅತ್ತಿದ್ದ ಒಬ್ಬ ಸೊಸೆ. ಅವಳು ಈ ಮನೆಯಲ್ಲಿ ಎಂದೂ ಇರಲಿಲ್ಲ, ಆದರೂ ನನ್ನ ಸೀರೆ ಉಟ್ಟುಕೊಂಡು ಓಡಾಡುತ್ತಿದ್ದಳು.

ಅತ್ತೆ ನಿಜವಾಗಿ ಹೋದದ್ದು ಮುಂದಿನ ವರ್ಷ, ಶಿವರಾತ್ರಿ ಕಳೆದ ಮೇಲೆ, ಮನೆಯಲ್ಲೇ, ಬೆಳಗಿನ ಕಾಫಿ ಕುಡಿದು ಮಲಗಿದವರು. ಯಾವ ಫೋನೂ ಬರಲಿಲ್ಲ. ಈ ಸಲ ನಮ್ಮನೆಯವರು ಅತ್ತ ಅಳು ಎದುರು ಬೀದಿಗೆ ಕೇಳಿಸುತ್ತಿತ್ತು. ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದವರನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಶಾಮಿಯಾನಕ್ಕೆ, ಅಯ್ನೋರಿಗೆ ನಾನೇ ಹೇಳಿ ಕಳಿಸಿದೆ. ಅತ್ತೆಯನ್ನು ಗೋಡೆ ಪಕ್ಕ ಕೂರಿಸಿದರು. ಹಣೆಗೆ ವಿಭೂತಿ ನಾನು ಹಚ್ಚಿದೆ.

ಕೆಲಸವೆಲ್ಲ ಮುಗಿಸಿ ಅವರೆದುರು ಕೂತೆ. ಈಗ ಪುರುಸೊತ್ತಿತ್ತು. ಎದೆಯ ಮೇಲೆ ಚಪ್ಪಡಿ ಎಳೆದ ಹಾಗಿತ್ತು, ಕಣ್ಣಿನಲ್ಲಿ ಮಾತ್ರ ಒಂದು ಹನಿ ಇರಲಿಲ್ಲ. ಕೂತ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ನನ್ನ ಕಡೆ ನೋಡತೊಡಗಿದರು. ಇಷ್ಟು ಹಚ್ಚಿಕೊಂಡಿದ್ದ ಅತ್ತೆ ಹೋದರೂ ಸೊಸೆಯ ಕಣ್ಣು ಒಣಗಿದೆಯಲ್ಲ ಎಂಬ ಪಿಸುಮಾತು ಎದ್ದಿತು. ಹಿರೀಸಾವೆಯ ಚಿಕ್ಕತ್ತೆ ಅಳು ನಿಲ್ಲಿಸಿ ಅವರ ಕಡೆ ತಿರುಗಿದರು.

"ಸುಮ್ಕಿರ್‍ರವ್ವ. ಅವ್ಳು ನಮ್ಮಕ್ಕಂಗೆ ಆವತ್ತೇ ಅತ್ತು ಮುಗಿಸವ್ಳೆ."

ಇಲ್ಲ, ನಾನು ಅಳಲಿಲ್ಲ ಎಂದು ಗೋಡೆಗೊರಗಿ ಕೂತವರೆದುರೇ ಹೇಳಿಬಿಡಬೇಕು ಅನ್ನಿಸಿತು. ಕೇಳಿಸಿಕೊಳ್ಳಲಿ, ಬೈಯಲಿ, ಎದ್ದು ಕೆನ್ನೆಗೆ ಹೊಡೆಯಲಿ. ಬಾಯಿ ತೆರೆದೆ. ವಿಭೂತಿಯ ಹಣೆ ಎದುರಿಗೇ ಇತ್ತು. "ಅತ್ತೆ" ಎಂದೆ, ಅಷ್ಟೇ ಬಂತು.

"ನೋಡಿದ್ರಾ, ಅವ್ಳೇ ಯೇಳ್ತಾವ್ಳೆ" ಎಂದರು ಚಿಕ್ಕತ್ತೆ.